ತಲೆಬುಡ ಗೊತ್ತಾಗದ ಪದ್ಯಕ್ಕೆ ಕೀಲಿಕೈ: ಕಿಟೆಲ್ ಸಾಹೇಬರ 50 ವರ್ಷದ ದುಡಿಮೆ

ಶ್ರಾವಣದಲ್ಲಿ ಓದೋಣ ಅಂತ ಆಸೆಯಿಂದ ಕುಮಾರವ್ಯಾಸ ಭಾರತ ತಂದು, ನಾಲ್ಕು ಪದ್ಯ ಓದಿ, ತಲೆಬುಡ ಗೊತ್ತಾಗದೆ ಮತ್ತೆ ಕಪಾಟಿನಲ್ಲಿ ಇಟ್ಟವರು ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಂಪನ ಮಾತಂತೂ ಬಿಡಿ. ಅದೆಲ್ಲ ಪಂಡಿತರ ಕೆಲಸ, ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗಲ್ಲ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡು ಸುಮ್ಮನಾಗುತ್ತೇವೆ.

ಹಾಗೆ ಸುಮ್ಮನಾಗುವ ಮುಂಚೆ ಒಬ್ಬ ಮನುಷ್ಯನ ಕಥೆ ಕೇಳಿ. ಅವರ ಮನೆಮಾತು ಕನ್ನಡ ಅಲ್ಲ. 20 ವರ್ಷ ದಾಟುವವರೆಗೂ ಕನ್ನಡ ನಾಡನ್ನು ಕಣ್ಣಿಂದ ನೋಡಿದವರಲ್ಲ. ಅಂಥವರು ಹಳಗನ್ನಡದ ವ್ಯಾಕರಣವನ್ನು ಶೋಧಿಸಿ ಅಚ್ಚು ಹಾಕಿಸಿದರು, ಛಂದಸ್ಸಿನ ಪುಸ್ತಕ ಹೊರತಂದರು, ಕೊನೆಗೆ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟರು. ಅವರೇ ರೆವರೆಂಡ್ ಫರ್ಡಿನಾಂಡ್ ಕಿಟೆಲ್. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರು ಹಳೆಯ ಪುಸ್ತಕಗಳನ್ನು ಅರ್ಥ ಮಾಡಿಕೊಂಡದ್ದು ಹೇಗೆ ಅನ್ನೋದು ಅಷ್ಟಾಗಿ ಯಾರೂ ಮಾತಾಡದ ವಿಷಯ. ಆ ದಾರಿ ನಮಗೂ ಉಪಯೋಗಕ್ಕೆ ಬರುತ್ತದೆ.

ಹುಟ್ಟಿದ ವರ್ಷವೇ ಒಂದು ನಿಘಂಟು

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ಉತ್ತರ ತುದಿಯ ರೆಸ್ಟರ್‌ಹಾಫೆ ಅನ್ನೋ ಸಣ್ಣ ಊರಲ್ಲಿ. ತಂದೆ ಪಾದ್ರಿ. ಅದೇ ವರ್ಷ ಮದ್ರಾಸಿನಲ್ಲಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ರೀವ್ ಬಳ್ಳಾರಿಯಲ್ಲಿದ್ದ ಮಿಶನರಿ. ತೊಟ್ಟಿಲಲ್ಲಿದ್ದ ಈ ಮಗು ಮುಂದೆ ಆ ನಿಘಂಟನ್ನು ಮೀರಿಸುವ ಕೆಲಸ ಮಾಡುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು. ಇವು ಮೂರೂ ಆ ಕಾಲದ ಜರ್ಮನ್ ಹುಡುಗನಿಗೆ ಹಳೇ ಪುಸ್ತಕದ ಭಾಷೆಗಳು, ಮನೆಯಲ್ಲಿ ಆಡುವ ಮಾತಲ್ಲ. ಅಂದರೆ ಅರ್ಥವಾಗದ ಪಠ್ಯದ ಮುಂದೆ ತಾಳ್ಮೆಯಿಂದ ಕೂತು, ಒಂದೊಂದೇ ಪದ ಬಿಡಿಸುವ ಅಭ್ಯಾಸ ಚಿಕ್ಕಂದಿನಲ್ಲೇ ಆಗಿತ್ತು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸೇರಿದರು. ನಮ್ಮ ಕಡೆ ಬಾಸೆಲ್ ಮಿಶನ್ ಅಂದರೆ ಮಂಗಳೂರು ಹಂಚು, ನೇಯ್ಗೆ, ಅಚ್ಚುಕೂಟ ನೆನಪಾಗುತ್ತವೆ. ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಇದೇ ಮಿಶನ್ನಿನವರು. ಅವರ ಕಾಲದಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವು ಅಚ್ಚಾಗಿದ್ದವು. ಕಿಟೆಲ್ ಬರುವ ಹೊತ್ತಿಗೆ ಓದಲು ಪುಸ್ತಕ ಇತ್ತು, ಅರ್ಥ ಹೇಳುವ ಸಲಕರಣೆ ಮಾತ್ರ ಸಾಲದಾಗಿತ್ತು.

1853ರಲ್ಲಿ, 21ನೇ ವಯಸ್ಸಿಗೆ, ಕಿಟೆಲ್ ಹಡಗು ಹತ್ತಿ ಬಂದರು. ಧಾರವಾಡಕ್ಕೆ ಹಾಕಿದರು.

ಮೊದಲ ಕೀಲಿಕೈ: ಕಿವಿ

ಆಗ ಈ ಭಾಗದಲ್ಲಿ ರೈಲು ಇರಲಿಲ್ಲ. ಮಿಶನರಿಗಳು ಊರೂರು ತಿರುಗಿ ಸಂತೆ, ಜಾತ್ರೆಗಳಲ್ಲಿ ನಿಂತು ಮಾತಾಡಬೇಕಿತ್ತು. ಎದುರಿಗೆ ನಿಂತ ಜನ ಸುಮ್ಮನೆ ಕೇಳುವವರಲ್ಲ. ಗಾದೆ ಹೇಳಿ ಚುಚ್ಚುವವರು, ದಾಸರ ಪದ ಹಾಡಿ ಉತ್ತರ ಕೊಡುವವರು, ಪುರಾಣದ ಕಥೆ ಎತ್ತಿ ತಿರುಗಿ ಪ್ರಶ್ನೆ ಹಾಕುವವರು. ಪುಸ್ತಕದ ಕನ್ನಡ ಮಾತ್ರ ಬಲ್ಲವನು ಅಲ್ಲಿ ಒಂದು ದಿನವೂ ನಿಲ್ಲಲಾರ.

ಕಿಟೆಲ್ ಇದನ್ನು ಬೇಗ ಅರಿತರು. ಜನರ ಮಾತು ಕೇಳಿಸಿಕೊಂಡರು, ಗಾದೆ ಕೂಡಿಸಿದರು, ಒಕ್ಕಲುತನದ ಮಾತು, ಕಸುಬಿನ ಮಾತು, ಅಡಿಗೆಮನೆಯ ಮಾತು ಎಲ್ಲದಕ್ಕೂ ಕಿವಿಗೊಟ್ಟರು. ಮುಂದೆ ನಿಘಂಟು ಬರೆಯುವಾಗ ಈ ಸಂಗ್ರಹವೇ ಕೈಹಿಡಿಯಿತು. ಅವರ ನಿಘಂಟಿನಲ್ಲಿ ಕವಿಗಳ ಪ್ರಯೋಗದ ಪಕ್ಕದಲ್ಲೇ ಗಾದೆಗಳೂ ಕೂತಿವೆ. ಕವಿಗೊಂದು ಪಂಕ್ತಿ, ರೈತನಿಗೊಂದು ಪಂಕ್ತಿ ಅಂತ ಬೇರೆ ಮಾಡಲಿಲ್ಲ.

ಇದರಲ್ಲಿ ನಮಗೇನು ಪಾಠ? ಹಳೇ ಕಾವ್ಯದ ಮಾತು ನಮ್ಮ ಬಾಯಲ್ಲಿ ಇನ್ನೂ ಅರ್ಧ ಜೀವಂತ ಇದೆ ಅನ್ನೋದು. ಹಳಗನ್ನಡದಲ್ಲಿ ಮನೆಯಲ್ಲಿ ಅನ್ನೋದಕ್ಕೆ ಮನೆಯೊಳ್ ಅಂತಾರೆ. ಉತ್ತರ ಕರ್ನಾಟಕದ ಅಜ್ಜಿ ಇವತ್ತಿಗೂ ಮನಿಯೊಳಗ ಅಂತಾಳೆ. ಆ ಒಳ್ ಇಲ್ಲೇ ಇದೆ ನೋಡಿ. ಕಾವ್ಯದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸೋದು ಕಷ್ಟ ಅಂತ ಹೆದರುತ್ತೇವೆ. ಆದರೆ ಗಿರಾಕಿ ಬಂದು ಎಷ್ಟಾಯ್ತು ಅಂತ ಕೇಳಿದರೆ ಯಾವ ಅಂಗಡಿಯವರೂ ಕಕ್ಕಾಬಿಕ್ಕಿ ಆಗಲ್ಲ. ಎಷ್ಟು ಮತ್ತು ಆಯಿತು ಸೇರಿ ಎಷ್ಟಾಯ್ತು. ಇದು ಸಂಧಿಯೇ. ದಿನಕ್ಕೆ ನೂರು ಸಲ ಸಂಧಿ ಬಿಡಿಸುವವರಿಗೆ ಪುಸ್ತಕದ ಸಂಧಿ ಯಾಕೆ ಬಾರದು?

ಎರಡನೇ ಕೀಲಿಕೈ: ತಾಳ

ಮಿಶನರಿಗಳು ಬರೆದ ಪುಸ್ತಕಗಳು ಬಹುಪಾಲು ಗದ್ಯದಲ್ಲಿದ್ದವು. ಕಿಟೆಲ್‌ಗೆ ಒಂದು ಮಾತು ಹೊಳೆಯಿತು. ಈ ಜನ ಕಥೆಯನ್ನು ಹಾಡಿ ಕೇಳುವವರು. ಹಾಡಿನೊಳಗೆ ಬಾರದ ಮಾತು ಇವರ ಮನಸ್ಸಿನೊಳಗೆ ಬರಲ್ಲ. ಹಾಗಾಗಿ 1862ರಲ್ಲಿ ಯೇಸುವಿನ ಕಥೆಯನ್ನು ಕಥಾಮಾಲೆ ಅನ್ನೋ ಹೆಸರಲ್ಲಿ, ಕನ್ನಡದ ಛಂದಸ್ಸಿನಲ್ಲೇ ಬರೆದರು. ಬರೆಯಬೇಕಾದರೆ ಮೊದಲು ಆ ಛಂದಸ್ಸು ಕೈವಶ ಆಗಬೇಕು. ಮಾತ್ರೆ ಎಣಿಸಬೇಕು, ಪ್ರಾಸ ಹಿಡಿಯಬೇಕು. ಸ್ವಂತ ಕೈಯಿಂದ ಕಟ್ಟಿದವನಿಗೆ ಬೇರೆಯವರು ಕಟ್ಟಿದ್ದು ಹೇಗೆ ಅಂತ ತಿಳಿಯುತ್ತದೆ. ಗೋಡೆ ಕಟ್ಟಿದ ಗೌಂಡಿಗೆ ಬೇರೆಯವರ ಗೋಡೆ ನೋಡಿದ ಕೂಡಲೇ ಇಟ್ಟಿಗೆ ಲೆಕ್ಕ ಸಿಗುವ ಹಾಗೆ.

1875ರಲ್ಲಿ ಇನ್ನೂ ಮುಂದೆ ಹೋದರು. 10ನೇ ಶತಮಾನದ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ನಾಗವರ್ಮ ಈ ಪುಸ್ತಕದಲ್ಲಿ ಛಂದಸ್ಸಿನ ನಿಯಮಗಳನ್ನು ತನ್ನ ಹೆಂಡತಿಗೆ ಹೇಳಿಕೊಡುವ ಹಾಗೆ ಬರೆದಿದ್ದಾನೆ. ಸಾವಿರ ವರ್ಷದ ಹಿಂದಿನ ಕಷ್ಟದ ಶಾಸ್ತ್ರ ಅಂದುಕೊಂಡದ್ದು ಗಂಡಹೆಂಡಿರ ಮಾತಿನ ರೂಪದಲ್ಲಿದೆ! ಕಿಟೆಲ್ ಆ ಪುಸ್ತಕದ ಮುಂದೆ ಕನ್ನಡ ಸಾಹಿತ್ಯದ ಬಗ್ಗೆ ಒಂದು ದೀರ್ಘ ಪ್ರಬಂಧವನ್ನೂ ಸೇರಿಸಿದರು. ಯಾವ ಕವಿ ಮೊದಲು, ಯಾವ ಕವಿ ಆಮೇಲೆ ಅನ್ನೋ ಲೆಕ್ಕ ಇನ್ನೂ ಸರಿಯಾಗಿ ಹಾಕದಿದ್ದ ಕಾಲ ಅದು.

ತಾಳ ಗೊತ್ತಾದರೆ ಅರ್ಥಕ್ಕೆ ಏನು ಲಾಭ ಅಂತ ಕೇಳಬಹುದು. ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಆರು ಸಾಲು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು, ಹೀಗೆ ಹೆಜ್ಜೆ. ಮೂರನೇ ಸಾಲು, ಆರನೇ ಸಾಲು ಉದ್ದ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕ ಷಟ್ಪದಿ, ಅದರದ್ದು ಐದು ಮಾತ್ರೆಯ ನಡೆ. ಈ ಹೆಜ್ಜೆ ಹಿಡಿದು ಗಟ್ಟಿಯಾಗಿ ಓದಿದರೆ, ಕಣ್ಣಿಗೆ ಗಂಟುಗಂಟಾಗಿ ಕಂಡ ಸಾಲು ತುಂಡುತುಂಡಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದ ಹಿರಿಯರೂ ಭಾರತ ವಾಚನ ಕೇಳಿ ಕಥೆ ಒಪ್ಪಿಸುತ್ತಿದ್ದರು. ಅವರಿಗೆ ತಿಳಿದದ್ದು ಕಿವಿಯಿಂದ. ಮೌನವಾಗಿ ಕಣ್ಣಾಡಿಸುವ ನಮಗೆ ಅರ್ಥ ಆಗದೇ ಇರೋದಕ್ಕೆ ಅರ್ಧ ಕಾರಣ ಆ ಮೌನವೇ.

ಮೂರನೇ ಕೀಲಿಕೈ: ವ್ಯಾಕರಣ

ವ್ಯಾಕರಣ ಅಂದ ಕೂಡಲೇ ಶಾಲೆಯ ಬೆತ್ತ ನೆನಪಾಗಿ ಪುಟ ತಿರುಗಿಸಬೇಡಿ. ಇಲ್ಲಿ ಹೇಳೋದು ನಾಲ್ಕೇ ಮಾತು.

13ನೇ ಶತಮಾನದ ಕೇಶಿರಾಜ ಬರೆದ ಶಬ್ದಮಣಿದರ್ಪಣ ಹಳಗನ್ನಡದ ವ್ಯಾಕರಣ. ಸೂತ್ರಗಳು ಕಂದಪದ್ಯದಲ್ಲಿವೆ. ಅದಕ್ಕೆ ವಿವರಣೆ, ಆಮೇಲೆ ಹಿಂದಿನ ಕವಿಗಳು ಹೀಗೆ ಬಳಸಿದ್ದಾರೆ ಅಂತ ಉದಾಹರಣೆ. 1872ರಲ್ಲಿ ಕಿಟೆಲ್ ಇದನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಇಂಥ ಕೆಲಸಕ್ಕೆ ಒಂದೇ ಹಸ್ತಪ್ರತಿ ನಂಬಿ ಕೂರುವ ಹಾಗಿಲ್ಲ. ಓಲೆಗರಿ ನಕಲು ಮಾಡುವವರು ಒಂದಕ್ಷರ ತಪ್ಪಿದರೆ ಅರ್ಥವೇ ಪಲ್ಟಿ. ಎರಡು ಮೂರು ಪ್ರತಿ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ವ್ಯಾಪಾರಿಗಳಿಗೆ ಇದು ಹೊಸದಲ್ಲ. ನಮ್ಮ ಖಾತೆ, ಎದುರಿನವರ ಖಾತೆ, ಚೀಟಿ ಮೂರೂ ತಾಳೆ ಆದರೆ ಮಾತ್ರ ಲೆಕ್ಕ ಸರಿ.

ಹಳಗನ್ನಡಕ್ಕೂ ಇವತ್ತಿನ ಕನ್ನಡಕ್ಕೂ ಇರುವ ದೊಡ್ಡ ವ್ಯತ್ಯಾಸ ಕೆಲವೇ ಕೆಲವು. ಒಂದು, ಆಗಿನ ಪಕಾರ ಈಗ ಹಕಾರ. ಪಾಲ್ ಅಂದರೆ ಹಾಲು, ಪುಲಿ ಅಂದರೆ ಹುಲಿ, ಪೊನ್ ಅಂದರೆ ಹೊನ್ನು, ಪತ್ತು ಅಂದರೆ ಹತ್ತು, ಪೋಗು ಅಂದರೆ ಹೋಗು. ತಮಿಳು ವ್ಯಾಪಾರಿ ಪಾಲ್, ಪತ್ತು ಅಂದಾಗ ನಮಗೆ ತಿಳಿಯುತ್ತದಲ್ಲ, ಹಾಗೇ. ಮಂಗಳೂರಿನ ಪಿಲಿವೇಷದ ಪಿಲಿ, ಆಂಧ್ರದ ಮದನಪಲ್ಲಿಯ ಪಲ್ಲಿ, ನಮ್ಮ ಹುಲಿ, ಹಳ್ಳಿ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ನಮ್ಮದೇ ಕಂಬನಿ ಅನ್ನೋ ಮಾತು ನೋಡಿ. ಕಣ್ ಮತ್ತು ಪನಿ ಸೇರಿ ಆದದ್ದು. ಪನಿ ಒಂಟಿಯಾಗಿ ಹನಿ ಆಯಿತು, ಕಣ್ಣಿನ ಜೊತೆ ಮಾತ್ರ ಹಳೇ ರೂಪದಲ್ಲೇ ಉಳಿಯಿತು.

ಎರಡು, ಪದದ ಕೊನೆ. ಕಾಲ್, ಬೆರಳ್, ನೀರ್ ಅಂತ ವ್ಯಂಜನದಲ್ಲೇ ನಿಲ್ಲುತ್ತಿದ್ದ ಮಾತಿಗೆ ನಾವು ಕೊನೆಗೊಂದು ಉಕಾರ ಸೇರಿಸಿ ಕಾಲು, ಬೆರಳು, ನೀರು ಅಂದೆವು. ಬಂದಂ ಅಂದರೆ ಬಂದನು, ಬಂದರ್ ಅಂದರೆ ಬಂದರು.

ಮೂರು, ಸಂಸ್ಕೃತದ ಪದ ಕನ್ನಡದ ಬಾಯಿಗೆ ತಕ್ಕಂತೆ ಬದಲಾಗಿರುತ್ತದೆ. ವರ್ಣ ಬಣ್ಣ ಆಯಿತು, ಸಹಸ್ರ ಸಾವಿರ ಆಯಿತು, ಕಾರ್ಯ ಕಜ್ಜ ಆಯಿತು, ವ್ಯವಹಾರ ಬೇಹಾರ ಆಯಿತು. ಕೇಶಿರಾಜ ಇದಕ್ಕೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ.

ನಾಲ್ಕು, ಎರಡು ಅಕ್ಷರ ಕಳೆದುಹೋಗಿವೆ. ಹಳೇ ಱ ಈಗ ರ ಆಗಿದೆ, ಹಳೇ ೞ ಈಗ ಳ ಆಗಿದೆ. ಅಱಿ ಅಂದರೆ ತಿಳಿ, ಅರಿ ಅಂದರೆ ಕತ್ತರಿಸು. ಈಗ ಎರಡನ್ನೂ ಅರಿ ಅಂತಲೇ ಬರೆಯುತ್ತೇವೆ. ಕಿಟೆಲ್ ತಮ್ಮ ನಿಘಂಟಿನಲ್ಲಿ ಈ ಹಳೇ ಅಕ್ಷರಗಳನ್ನು ಬಿಡದೆ ಉಳಿಸಿಕೊಂಡರು. ಯಾವುದು ತಿಳಿಯುವ ಅರಿ, ಯಾವುದು ಕತ್ತರಿಸುವ ಅರಿ ಅಂತ ಗೊಂದಲ ಬೇಡ ಅಂತ.

ಇಷ್ಟು ಗೊತ್ತಿದ್ದರೆ ಒಂದು ಹಳಗನ್ನಡ ಪದ್ಯದಲ್ಲಿ ಎಷ್ಟೋ ಪದಗಳ ಮುಖ ಪರಿಚಯ ಸಿಗುತ್ತದೆ. ಉಳಿದ ಕೆಲವಕ್ಕೆ ನಿಘಂಟು.

ಮನೆಯೊಳಗಿನ ನೋವು

ಪುಸ್ತಕದ ಕೆಲಸ ಸುಖದಲ್ಲಿ ನಡೆದದ್ದಲ್ಲ. 1860ರಲ್ಲಿ ಕಿಟೆಲ್ ಪೌಲೀನ್ ಎಂಬ ಹೆಣ್ಣುಮಗಳನ್ನು ಮದುವೆಯಾದರು. ನಾಲ್ಕೇ ವರ್ಷ. 1864ರಲ್ಲಿ ಆಕೆ ತೀರಿಕೊಂಡರು. ಚಿಕ್ಕ ಮಕ್ಕಳು, ಪರದೇಶ. ಆಮೇಲೆ 1867ರಲ್ಲಿ ಪೌಲೀನರ ತಂಗಿ ಜೂಲಿಯನ್ನು ಮದುವೆಯಾಗಿ ಮತ್ತೆ ಸಂಸಾರ ಹೂಡಿದರು. ಮಂಗಳೂರು, ಮಡಿಕೇರಿ, ಹುಬ್ಬಳ್ಳಿ, ಧಾರವಾಡ ಅಂತ ಹಾಕಿದಲ್ಲಿಗೆ ಹೋಗಿ ಕೆಲಸ ಮಾಡಿದರು.

ಮಿಶನ್ನಿನೊಳಗೂ ಎಲ್ಲರೂ ಅವರ ಬೆನ್ನು ತಟ್ಟಲಿಲ್ಲ. ಇವರು ಧರ್ಮಪ್ರಚಾರಕ್ಕಿಂತ ಪುಸ್ತಕದ ಹಿಂದೆ ಬಿದ್ದಿದ್ದಾರೆ ಅನ್ನುವ ಅಸಮಾಧಾನ ಇತ್ತು. ಓಲೆಗರಿಯ ಮುಂದೆ ಕೂತು ಒಂದು ಪದಕ್ಕಾಗಿ ದಿನಗಟ್ಟಲೆ ಹುಡುಕುವುದು ಹೊರಗಿನಿಂದ ನೋಡಿದವರಿಗೆ ಕೆಲಸ ಅಂತಲೇ ಅನಿಸಲ್ಲ. ಕಿಟೆಲ್ ಆ ಮಾತುಗಳನ್ನು ಸಹಿಸಿಕೊಂಡು ಕೆಲಸ ಮುಂದುವರಿಸಿದರು.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಕಿಟೆಲ್ ಬಂದದ್ದು ಕನ್ನಡ ಸೇವೆ ಮಾಡಲಿಕ್ಕಲ್ಲ, ಮತ ಪ್ರಚಾರಕ್ಕೆ. ನಮ್ಮ ಪೂಜೆ, ಯಜ್ಞ, ನಂಬಿಕೆಗಳ ಬಗ್ಗೆ ಅವರು ಬರೆದದ್ದರಲ್ಲಿ ಪಾದ್ರಿಯ ಕಣ್ಣೇ ಎದ್ದು ಕಾಣುತ್ತದೆ. ಅದನ್ನು ಒಪ್ಪಬೇಕಾಗಿಲ್ಲ. ಆದರೆ ಪದದ ಅರ್ಥ ಹೇಳುವಾಗ ಈ ಮನುಷ್ಯ ಕಣ್ಣು ಬದಲಿಸಿದರು. ಶರಣರ ಪುರಾಣದ ಮಾತಿರಲಿ, ದಾಸರ ಮಾತಿರಲಿ, ಜೈನ ಕವಿಯ ಮಾತಿರಲಿ, ಬಳಸಿದವನು ಯಾವ ಅರ್ಥದಲ್ಲಿ ಬಳಸಿದ್ದಾನೋ ಅದನ್ನೇ ಹುಡುಕಿದರು. ಒಪ್ಪದ ಪುಸ್ತಕವನ್ನೂ ಅದರ ಮಾತಿನಲ್ಲೇ ಕೇಳಿಸಿಕೊಳ್ಳುವ ಈ ಶಿಸ್ತು ಹಳೇ ಗ್ರಂಥ ಓದುವ ಯಾರಿಗಾದರೂ ಬೇಕು. ನಮ್ಮ ಕಾಲದ ಅಭಿಪ್ರಾಯವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಓದಿದರೆ ಪುಸ್ತಕದಲ್ಲಿ ನಮ್ಮ ಮುಖವೇ ಕಾಣುತ್ತದೆ, ಕವಿಯ ಮುಖ ಕಾಣಲ್ಲ.

ನಾಲ್ಕನೇ ಕೀಲಿಕೈ: ನಿಘಂಟು

ರೀವ್ ನಿಘಂಟು ಆ ಕಾಲಕ್ಕೆ ದೊಡ್ಡ ಕೆಲಸವೇ. ಆದರೆ ಹಳಗನ್ನಡ ಓದುವವರಿಗೆ ಅದು ಸಾಲುತ್ತಿರಲಿಲ್ಲ. ಹೊಸದೊಂದು ಬೇಕು ಅಂತ ಆದಾಗ ಆ ಹೊಣೆ ಕಿಟೆಲ್ ಹೆಗಲಿಗೆ ಬಂತು.

ಆಗ ಕನ್ನಡ ನಾಡು ಒಂದಾಗಿರಲಿಲ್ಲ ಅನ್ನೋದನ್ನ ನೆನಪಿಡಿ. ಧಾರವಾಡ ಬೊಂಬಾಯಿ ಪ್ರಾಂತ್ಯ, ಮಂಗಳೂರು, ಬಳ್ಳಾರಿ ಮದ್ರಾಸ್ ಪ್ರಾಂತ್ಯ, ಕಲಬುರಗಿ ಕಡೆ ನಿಜಾಮರ ಸೀಮೆ, ಮೈಸೂರು ಬೇರೆ, ಕೊಡಗು ಬೇರೆ. ಧಾರವಾಡದ ಪೇಟೆಯ ಮಾತು ಮೈಸೂರಿನವರಿಗೆ ತಿಳಿಯದು, ಅಲ್ಲಿನದು ಇಲ್ಲಿಗೆ ತಿಳಿಯದು. ಕಿಟೆಲ್ ತಮ್ಮ ನಿಘಂಟಿನಲ್ಲಿ ಈ ಮಾತು ಮೈಸೂರು ಕಡೆಯದು, ಈ ಮಾತು ಉತ್ತರದ್ದು ಅಂತ ಗುರುತು ಹಾಕಿದರು. ರಾಜ್ಯ ಒಂದಾಗೋದಕ್ಕೆ 60 ವರ್ಷ ಮೊದಲೇ ಒಂದು ಪುಸ್ತಕದ ರಟ್ಟಿನೊಳಗೆ ಎಲ್ಲ ಕಡೆಯ ಕನ್ನಡ ಒಟ್ಟಿಗೆ ಕೂತಿತು.

ಒಂದು ಪದ ಸಿಕ್ಕಿದರೆ ಅವರು ನೋಡುತ್ತಿದ್ದ ಬಗೆ ಹೀಗೆ. ಇದು ಅಚ್ಚಗನ್ನಡವೋ, ಸಂಸ್ಕೃತದಿಂದ ಬಂದದ್ದೋ, ಮರಾಠಿ, ಹಿಂದೂಸ್ತಾನಿಯಿಂದ ಬಂದದ್ದೋ? ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಇದರ ಅಣ್ಣತಮ್ಮಂದಿರು ಇದ್ದಾರೋ? ಯಾವ ಕವಿ, ಯಾವ ಗ್ರಂಥದಲ್ಲಿ ಬಳಸಿದ್ದಾನೆ? ಜನ ಈಗಲೂ ಆಡುತ್ತಾರೋ? ಗಾದೆಯಲ್ಲಿ ಇದೆಯೋ? ತಮಿಳಿನ ವಿಲೈ ನಮ್ಮ ಬೆಲೆ, ವೆಳ್ಳಿ ನಮ್ಮ ಬೆಳ್ಳಿ. ಹೀಗೆ ಅಕ್ಕಪಕ್ಕ ಇಟ್ಟು ನೋಡಿದರೆ ಒಂಟಿಯಾಗಿ ಅರ್ಥವಾಗದ ಮಾತಿಗೂ ಬೇರು ಸಿಗುತ್ತದೆ. ಅಪರಿಚಿತ ಮನುಷ್ಯ ಊರಿಗೆ ಬಂದರೆ ನಾವು ಯಾವೂರು, ಯಾರ ಮಗ, ಯಾರಿಗೆ ನೆಂಟ ಅಂತ ಕೇಳಿ ಗುರುತು ಹಿಡಿಯುತ್ತೇವಲ್ಲ, ಕಿಟೆಲ್ ಪದಗಳಿಗೆ ಕೇಳಿದ್ದೂ ಅದನ್ನೇ.

1877ರಲ್ಲಿ ಜರ್ಮನಿಗೆ ಹೋದರು. ಅಲ್ಲಿ ಕೂತು ಈ ಕೆಲಸ ಮುಗಿಸೋದು ಆಗಲಿಲ್ಲ. ಮಾತನಾಡುವ ಜನ ಇಲ್ಲಿ, ಅರ್ಥ ಬಲ್ಲ ಪಂಡಿತರು ಇಲ್ಲಿ. 1883ರಲ್ಲಿ, 51ನೇ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಮತ್ತೆ ಹಡಗು ಹತ್ತಿದರು. ಒಂಬತ್ತು ವರ್ಷ ಇಲ್ಲಿ ದುಡಿದರು. 1892ರಲ್ಲಿ ಮರಳಿದಾಗ ವಯಸ್ಸು 60. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳು. ಒಬ್ಬ ಮನುಷ್ಯ ಮುಂದೆ ನಿಂತು ಮಾಡಿದ ಕೆಲಸ, ಆದರೆ ಒಬ್ಬನದೇ ಅಲ್ಲ. ಹೆಸರು ಹೇಳದೆ ಉಳಿದ ಎಷ್ಟೋ ಶಾಸ್ತ್ರಿಗಳು, ರೈತರು, ಕಸುಬುದಾರರು ಹೇಳಿದ ಮಾತು ಅದರಲ್ಲಿ ಸೇರಿಕೊಂಡಿದೆ.

1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಕೊನೆಯ ಪುಸ್ತಕ, ಐದನೇ ಕೀಲಿಕೈ

ನಿಘಂಟು ಮುಗಿದ ಮೇಲೆ ಯಾರಾದರೂ ವಿಶ್ರಾಂತಿ ತಗೋತಾರೆ. ಕಿಟೆಲ್ ವ್ಯಾಕರಣ ಬರೆಯಲು ಕೂತರು. 1903ರಲ್ಲಿ ಅವರ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ವಿಶೇಷ ಏನೆಂದರೆ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ವಿವರಿಸಿದ್ದು. ಹಳಗನ್ನಡ ಬೇರೆ ಭಾಷೆ ಅಂತ ದೂರ ಇಡಬೇಡಿ, ಅದು ನಿಮ್ಮ ಮಾತಿನ ಅಜ್ಜ ಅಂತ ತೋರಿಸಿಕೊಟ್ಟ ಹಾಗಾಯಿತು.

ಓದುಗರಿಗೆ ಇದು ಬಹಳ ಮುಖ್ಯ. ಎಲ್ಲ ಹಳೇ ಕಾವ್ಯವೂ ಒಂದೇ ಸಮ ಕಷ್ಟ ಅಲ್ಲ. ಪಂಪನದು 10ನೇ ಶತಮಾನದ ಹಳಗನ್ನಡ. ವಚನಗಳು, ಕುಮಾರವ್ಯಾಸ, ದಾಸರು ನಡುಗನ್ನಡದ ಕಡೆಯವರು, ನಮಗೆ ಹತ್ತಿರ. ಮೆಟ್ಟಿಲು ಹತ್ತುವವರು ಕೆಳಗಿನ ಮೆಟ್ಟಿಲಿಂದ ಹತ್ತಬೇಕು. ವಚನ, ದಾಸರ ಪದ ಮೊದಲು. ಆಮೇಲೆ ಕುಮಾರವ್ಯಾಸ. ಆಮೇಲೆ ಲಕ್ಷ್ಮೀಶ. ಕೊನೆಗೆ ಪಂಪ. ನೇರ ಮೇಲಿನ ಮೆಟ್ಟಿಲಿಗೇ ನೆಗೆದು ಬಿದ್ದವರೇ ಹಳೇ ಸಾಹಿತ್ಯ ಕಬ್ಬಿಣದ ಕಡಲೆ ಅಂತ ದೂರುವವರು.

ವ್ಯಾಕರಣ ಅಚ್ಚಾದ ವರ್ಷವೇ, 1903ರ ಡಿಸೆಂಬರಿನಲ್ಲಿ, ಟ್ಯೂಬಿಂಗನ್‌ನಲ್ಲಿ ಕಿಟೆಲ್ ತೀರಿಕೊಂಡರು. ಧಾರವಾಡಕ್ಕೆ ಕಾಲಿಟ್ಟು ಸರಿಯಾಗಿ 50 ವರ್ಷ ಆಗಿತ್ತು.

ಇವತ್ತು ನಾವು ಏನು ಮಾಡಬಹುದು

ಕಿಟೆಲ್‌ಗೆ ಇಲ್ಲದ ಎಷ್ಟೋ ಅನುಕೂಲ ನಮಗಿದೆ. ಅವರ ನಿಘಂಟು ಅಚ್ಚಾದಾಗ ಪಂಪಭಾರತ ಇನ್ನೂ ಅಚ್ಚೇ ಆಗಿರಲಿಲ್ಲ. ಬಿ.ಎಲ್. ರೈಸ್ ಅದನ್ನು ಹೊರತಂದದ್ದು 1898ರಲ್ಲಿ. ಈಗ ಮೂಲವೂ ಸಿಗುತ್ತದೆ, ಗದ್ಯಾನುವಾದವೂ ಸಿಗುತ್ತದೆ. ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟದಲ್ಲಿ ತಂದಿತು. ಹಳೇ ಮುದ್ರಣ ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಇಂಗ್ಲಿಷ್ ಅರ್ಥ ಬೇಡ ಅನ್ನುವವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ಕನ್ನಡ ನಿಘಂಟು ಇದೆ. ನಿಮ್ಮೂರಿನ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ.

ಓದುವ ಕ್ರಮ ಹೀಗಿಟ್ಟುಕೊಳ್ಳಿ. ದಿನಕ್ಕೆ ಒಂದೇ ಷಟ್ಪದಿ. ಮೊದಲು ಆ ಸಂದರ್ಭದ ಕಥೆ ಗದ್ಯದಲ್ಲಿ ತಿಳಿದುಕೊಳ್ಳಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಪದ್ಯವನ್ನು ತಾಳ ಹಿಡಿದು ಎರಡು ಸಲ ಗಟ್ಟಿಯಾಗಿ ಓದಿ. ಪದ ಬಿಡಿಸಿ. ಪಕಾರ ಕಂಡಲ್ಲಿ ಹಕಾರ ಇಟ್ಟು ನೋಡಿ. ತಿಳಿಯದ ಪದಕ್ಕೆ ಪೆನ್ಸಿಲ್ ಗೆರೆ ಹಾಕಿ, ಆದರೆ ಅಲ್ಲೇ ನಿಲ್ಲಬೇಡಿ, ಪದ್ಯ ಮುಗಿಸಿ. ಕೊನೆಗೆ ನಿಘಂಟು ತೆಗೆಯಿರಿ. ಹತ್ತು ನಿಮಿಷದ ಕೆಲಸ. ಅಂಗಡಿ ತೆರೆಯುವ ಮುಂಚೆ, ಇಲ್ಲವೇ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು ಸಾಕು.

ನಿಘಂಟು ತೆಗೆಯುವ ಮುಂಚೆ ಇನ್ನೊಂದು ಮಾಡಿ. ಮನೆಯಲ್ಲಿ 80 ದಾಟಿದ ಹಿರಿಯರು ಇದ್ದರೆ ಆ ಪದ ಅವರನ್ನು ಕೇಳಿ. ನೇಗಿಲಿನ ಭಾಗಗಳ ಹೆಸರು, ಎತ್ತಿನ ಬಣ್ಣದ ಹೆಸರು, ಹಳೇ ಅಳತೆಗಳು, ಹೇರು ಕಟ್ಟುವ ಮಾತು, ಮಳೆಯ ಬಗೆಗಳು, ಇವೆಲ್ಲ ಅವರ ಬಾಯಲ್ಲಿವೆ. ಕಾವ್ಯದಲ್ಲಿ ಗೆರೆ ಹಾಕಿದ ಮಾತು ಅವರು ದಿನಾ ಆಡುತ್ತಿದ್ದ ಮಾತಾಗಿರಬಹುದು. ಜರ್ಮನಿಯಿಂದ ಬಂದ ಮನುಷ್ಯ ಬಿಸಿಲಲ್ಲಿ ಅಲೆದು ಕೇಳಿ ಬರೆದುಕೊಂಡದ್ದು ಇಂಥವರನ್ನೇ. ನಮಗೆ ಅಲೆಯುವ ಕಷ್ಟವಿಲ್ಲ, ಅವರು ಪಡಸಾಲೆಯಲ್ಲೇ ಕೂತಿದ್ದಾರೆ. ಆದರೆ ನಿಘಂಟಿನ ಪುಸ್ತಕ ನೂರು ವರ್ಷ ಕಾಯುತ್ತದೆ, ಅವರು ಅಷ್ಟು ದಿನ ಕಾಯಲ್ಲ. ಕಪಾಟಿನ ಭಾರತ ಇವತ್ತೇ ಕೆಳಗಿಳಿಸಿ, ಅವರ ಪಕ್ಕದಲ್ಲಿ ಕೂತು ಮೊದಲ ಪದ್ಯ ಓದಿ.